ಪಂಚರತ್ನಂ ಅಳೆದ ತಿರುವು

ಇಳಕಲ್ಲಿನ ಕೆಂಪು ಗ್ರಾನೈಟಿನ ಒಂದು ಚೂರನ್ನು ಗಾಜಿನ ಪಟ್ಟಿಗೆ ಅಂಟಿಸಿ, ಸಾಣೆಪುಡಿಯಲ್ಲಿ ತಿಕ್ಕುತ್ತಾ ಹೋದರೆ ಒಂದು ಘಟ್ಟದಲ್ಲಿ ಅದರ ಕೆಂಪು ಮಾಯವಾಗುತ್ತದೆ. ಕಲ್ಲಿನೊಳಗಿಂದ ಬೆಳಕು ಹಾಯತೊಡಗುತ್ತದೆ. ಭೂವಿಜ್ಞಾನದ ವಿದ್ಯಾರ್ಥಿಗಳು ತಿಕ್ಕುವುದನ್ನು ನಿಲ್ಲಿಸುವುದು ದಪ್ಪ 0.03 ಮಿಲಿಮೀಟರಿಗೆ ಇಳಿದಾಗ. ಅಷ್ಟು ತೆಳುವನ್ನು ಅಳೆಯುವ ಗುರುತು ಕಲ್ಲಿನಲ್ಲೇ ಇದೆ. ಧ್ರುವೀಕರಣ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಕ್ವಾರ್ಟ್ಜ್ ಕಣಗಳು ಹಳದಿಯಾಗಿಯೋ ಕೆಂಪಾಗಿಯೋ ಕಂಡರೆ ಬಿಲ್ಲೆ ಇನ್ನೂ ದಪ್ಪ. ಬೂದು ಬಿಳಿಯಾಗಿ ಕಂಡರೆ ಕೆಲಸ ಮುಗಿಯಿತು.

ಆ ಸೂಕ್ಷ್ಮದರ್ಶಕದಲ್ಲಿ ಕಾಣುವ ನೋಟವನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಬಿಲ್ಲೆಯ ಕೆಳಗೊಂದು, ಮೇಲೊಂದು ಪೋಲರೈಜರ್, ಒಂದಕ್ಕೊಂದು ಅಡ್ಡಲಾಗಿ ಇಟ್ಟಿರುತ್ತಾರೆ. ನಡುವೆ ಏನೂ ಇಲ್ಲದಿದ್ದರೆ ಕಣ್ಣಿಗೆ ಕಗ್ಗತ್ತಲೆ. ಬಿಲ್ಲೆ ಇಟ್ಟೊಡನೆ ಕತ್ತಲೆ ಒಡೆದು ಕಣ ಕಣವೂ ಬೆಳಗುತ್ತದೆ. ಕ್ವಾರ್ಟ್ಜ್ ಬೂದು ಬಣ್ಣದ ನಾನಾ ಛಾಯೆಗಳಲ್ಲಿ. ಕಲ್ಲಿಗೆ ಕೆಂಪು ಕೊಟ್ಟ ಫೆಲ್ಡ್‌ಸ್ಪಾರ್, ಅದರಲ್ಲೂ ಮೈಕ್ರೋಕ್ಲೈನ್, ಅಡ್ಡ ಉದ್ದ ಎಳೆಗಳು ಹಾಯ್ದ ಚೌಕಳಿ ಸೀರೆಯ ಒಡಲಿನಂತೆ. ಬಯೊಟೈಟ್ ಎಂಬ ಕರಿ ಅಭ್ರಕ ಕಂದಾಗಿ. ಕಲ್ಲಿರುವ ಪೀಠವನ್ನು ಮೆಲ್ಲಗೆ ತಿರುಗಿಸಿದರೆ ಒಂದೊಂದು ಕಣವೂ ತನ್ನದೇ ಸರದಿಯಲ್ಲಿ ಆರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ಪೂರ್ತಿ ಒಂದು ಸುತ್ತಿಗೆ ನಾಲ್ಕು ಸಲ ಆರುತ್ತದೆ. ಪಕ್ಕಪಕ್ಕದ ಎರಡು ಕಣಗಳು ಒಟ್ಟಿಗೆ ಆರುವುದು ಅಪರೂಪ, ಏಕೆಂದರೆ ಶಿಲಾಪಾಕ ಆರಿ ಗಟ್ಟಿಯಾಗುವಾಗ ಪ್ರತಿ ಹರಳೂ ತನಗೆ ಬೇಕಾದ ದಿಕ್ಕಿಗೆ ಮುಖ ಮಾಡಿ ಬೆಳೆದಿದೆ.

ಇಲ್ಲೊಂದು ಲೆಕ್ಕವಿದೆ. ಕ್ವಾರ್ಟ್ಜ್ ಒಳಹೊಕ್ಕ ಬೆಳಕನ್ನು ಎರಡಾಗಿ ಸೀಳುತ್ತದೆ. ಒಂದು ಪಾಲು ಇನ್ನೊಂದಕ್ಕಿಂತ ತುಸು ನಿಧಾನ. ಎರಡರ ವಕ್ರೀಭವನಾಂಕಗಳ ವ್ಯತ್ಯಾಸ 0.009. ಬಿಲ್ಲೆಯ ದಪ್ಪ 30,000 ನ್ಯಾನೋಮೀಟರ್. ಗುಣಿಸಿದರೆ 270 ನ್ಯಾನೋಮೀಟರ್. ಹಸಿರು ಬೆಳಕಿನ ಅಲೆಯುದ್ದ ಸುಮಾರು 540. ಅದರ ಸರಿಯಾಗಿ ಅರ್ಧ. ದೃಗ್ವಿಜ್ಞಾನದವರು ಅರ್ಧತರಂಗ ಫಲಕ ಎಂದು ಕರೆದು ದುಡ್ಡು ಕೊಟ್ಟು ಕೊಳ್ಳುವ ಉಪಕರಣ ಇದೇ. ಬಿಲ್ಲೆಯ ಸಮತಲದಲ್ಲಿ ಅಕ್ಷ ಮಲಗಿರುವ ಪ್ರತಿಯೊಂದು ಕ್ವಾರ್ಟ್ಜ್ ಕಣವೂ ಒಂದು ಪುಟಾಣಿ ಅರ್ಧತರಂಗ ಫಲಕ. ಒಂದೊಂದೂ ಒಂದೊಂದು ಕೋನಕ್ಕೆ ತಿರುಗಿ ನಿಂತದ್ದು. ಇಂಥ ಪುಟಾಣಿ ಫಲಕಗಳನ್ನು ಮನುಷ್ಯ ತಾನೇ ಕೆತ್ತಿ, ಬೇಕಾದ ಕೋನಕ್ಕೆ ತಿರುಗಿಸಿ ಸಾಲಾಗಿ ನಿಲ್ಲಿಸಿದರೆ ಗಾಜಿನ ಉಬ್ಬುತಗ್ಗಿಲ್ಲದೆಯೇ ಮಸೂರವಾಗುತ್ತದೆ. ಹಾಗೆ ಆಗುತ್ತದೆ ಎನ್ನಲು ಆಧಾರವಾದ ಲೆಕ್ಕವನ್ನು 1956ರಲ್ಲಿ ಬೆಂಗಳೂರಿನಲ್ಲಿ ಕುಳಿತು ಬರೆದವರು 22 ವರ್ಷದ ಎಸ್. ಪಂಚರತ್ನಂ. ಅವರ ಹೆಸರು ಇಂದು ಜಗತ್ತಿನ ನ್ಯಾನೋ ದೃಗ್ವಿಜ್ಞಾನದ ಪ್ರಯೋಗಾಲಯಗಳಲ್ಲೆಲ್ಲ ಚಲಾವಣೆಯಲ್ಲಿದೆ. ನಮ್ಮ ನಾಡಿನ ಕಾಲೇಜುಗಳಲ್ಲಿ ಮಾತ್ರ ಅಷ್ಟಾಗಿ ಇಲ್ಲ. ಅದಕ್ಕೇ ಈ ಕಥೆ ಹೇಳಬೇಕೆನಿಸಿತು.

ಬೆಳಕು ಅಲೆ, ಅಲೆ ಎಂದ ಮೇಲೆ ಅದು ಯಾವುದೋ ದಿಕ್ಕಿನಲ್ಲಿ ತೊನೆಯಬೇಕು. ಸೂರ್ಯನ ಬೆಳಕಿನಲ್ಲಿ ಈ ತೊನೆತ ಎಲ್ಲ ದಿಕ್ಕಿಗೂ ಹಂಚಿಹೋಗಿರುತ್ತದೆ. ಒಂದೇ ದಿಕ್ಕಿಗೆ ಕಟ್ಟುಬಿದ್ದರೆ ಅದು ಧ್ರುವೀಕೃತ ಬೆಳಕು. ತೊನೆಯುವ ದಿಕ್ಕೇ ಗಡಿಯಾರದ ಮುಳ್ಳಿನಂತೆ ಸುತ್ತುತ್ತಿದ್ದರೆ ವೃತ್ತೀಯ ಧ್ರುವೀಕರಣ. ನಮ್ಮ ಕಣ್ಣಿಗೆ ಈ ಭೇದ ತಿಳಿಯದು. 1669ರಲ್ಲಿ ಡೆನ್ಮಾರ್ಕಿನ ಬಾರ್ತೊಲಿನ್ ಐಸ್‌ಲ್ಯಾಂಡಿನಿಂದ ಬಂದ ಕ್ಯಾಲ್ಸೈಟ್ ಹರಳಿನ ಮೂಲಕ ನೋಡಿದಾಗ ಒಂದೇ ವಸ್ತು ಎರಡಾಗಿ ಕಂಡಿತು. ಈ ವಿದ್ಯೆಯ ಆರಂಭ ಅದು. 1828ರಲ್ಲಿ ಎಡಿನ್‌ಬರೋದ ವಿಲಿಯಂ ನಿಕೋಲ್ ಅದೇ ಹರಳನ್ನು ಕತ್ತರಿಸಿ, ಮರಳಿ ಅಂಟಿಸಿ, ಸೀಳಿದ ಎರಡು ಕಿರಣಗಳಲ್ಲಿ ಒಂದನ್ನು ಪಕ್ಕಕ್ಕೆ ತಳ್ಳುವ ಪಟ್ಟಕ ಮಾಡಿದರು. ಕಲ್ಲಿನ ತೆಳು ಬಿಲ್ಲೆ ಓದುವ ವಿದ್ಯೆಯನ್ನು ಹೆನ್ರಿ ಸಾರ್ಬಿ 1850ರ ದಶಕದಲ್ಲಿ ಬೆಳೆಸಿದರು. ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಬೃಹತ್ ವರದಿಯನ್ನು 1876ರಲ್ಲಿ ಪ್ರಕಟಿಸಿದಾಗ ಬಾಗಲಕೋಟೆ, ಬಾದಾಮಿ, ಹುನಗುಂದಗಳು ಕಲಾದಗಿ ಜಿಲ್ಲೆಯಲ್ಲಿದ್ದವು. ಇಲ್ಲಿನ ಮರಳುಗಲ್ಲು, ಸುಣ್ಣಗಲ್ಲುಗಳಿಗೆ ಅವರು ಕೊಟ್ಟ 'ಕಲಾದಗಿ' ಎಂಬ ಹೆಸರು ಭೂವಿಜ್ಞಾನದಲ್ಲಿ ಇಂದಿಗೂ ನಿಂತಿದೆ. ಬಾದಾಮಿಯ ಗುಹೆಗಳನ್ನು ಕೊರೆದ ಮರಳುಗಲ್ಲೂ ಮುಖ್ಯವಾಗಿ ಕ್ವಾರ್ಟ್ಜ್ ಕಣಗಳದ್ದೇ. ಅದಕ್ಕೂ ಹಳೆಯದಾದ ಗ್ರಾನೈಟ್, ನೈಸ್ ಕಲ್ಲುಗಳು ಸವೆದು ಬಂದ ಮರಳು ಅದು.

ಕರ್ನಾಟಕಕ್ಕೆ ಈ ವಿದ್ಯೆ ಗಟ್ಟಿಯಾಗಿ ಬಂದು ನೆಲೆಸಿದ್ದು ಸಿ.ವಿ. ರಾಮನ್ ಅವರ ಜೊತೆಗೆ. 1921ರಲ್ಲಿ ಇಂಗ್ಲೆಂಡಿನಿಂದ ಎಸ್.ಎಸ್. ನರ್ಕುಂಡ ಹಡಗಿನಲ್ಲಿ ಮರಳುವಾಗ ಅವರ ಬಳಿ ಒಂದು ನಿಕೋಲ್ ಪಟ್ಟಕವಿತ್ತು. ನೀರಿನ ಮೇಲ್ಮೈಗೆ ಎಳೆದ ಲಂಬದಿಂದ ಸುಮಾರು 53 ಡಿಗ್ರಿ ಕೋನದಲ್ಲಿ ಪ್ರತಿಫಲಿಸಿ ಬರುವ ಬೆಳಕು ಪೂರ್ತಿ ಧ್ರುವೀಕೃತವಾಗಿರುತ್ತದೆ. ಪಟ್ಟಕವನ್ನು ಕಣ್ಣಿಗಿಟ್ಟು ತಿರುಗಿಸಿದರೆ ಆ ಹೊಳಪು ಅಳಿಸಿಹೋಗುತ್ತದೆ. ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಪೋಲರಾಯ್ಡ್ ಕನ್ನಡಕ ತೊಟ್ಟು ನೋಡಿದ ಯಾರಿಗೂ ಇದು ಗೊತ್ತು. ನೀರಿನ ಮೇಲೆ ಬಿದ್ದ ಆಕಾಶದ ಬಿಂಬ ಹೋಗಿ ನೀರಿನ ಒಳಗು ಕಾಣತೊಡಗುತ್ತದೆ. ರಾಮನ್ ಹಾಗೆ ಹೊಳಪನ್ನು ಅಳಿಸಿ ನೋಡಿದಾಗ ಕಡಲಿನ ನೀಲಿ ಹೋಗಲಿಲ್ಲ, ಇನ್ನಷ್ಟು ಗಾಢವಾಯಿತು. ಕಡಲಿನ ಬಣ್ಣ ಆಕಾಶದಿಂದ ಪಡೆದ ಎರವಲಲ್ಲ, ನೀರೇ ಬೆಳಕನ್ನು ಚದುರಿಸಿ ಪಡೆದದ್ದು ಎಂಬ ಅವರ ತೀರ್ಮಾನಕ್ಕೆ ಈ ಚಿಕ್ಕ ಪಟ್ಟಕವೇ ಸಾಕ್ಷಿಯಾಯಿತು. 1928ರಲ್ಲಿ ರಾಮನ್ ಪರಿಣಾಮ ಕಂಡಾಗಲೂ ಅದು ಸಾಮಾನ್ಯ ಪ್ರತಿದೀಪ್ತಿಯಲ್ಲ ಎನ್ನಲು ಅವರು ಮುಂದಿಟ್ಟ ಆಧಾರಗಳಲ್ಲಿ ಧ್ರುವೀಕರಣವೂ ಒಂದು.

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿ ಸ್ಥಾಪಿಸಿ ಅದರ 'ಪ್ರೊಸೀಡಿಂಗ್ಸ್' ಪತ್ರಿಕೆ ಶುರುಮಾಡಿದರು. ಮೈಸೂರು ಮಹಾರಾಜರು ಅಕಾಡೆಮಿಗೆ ಕೊಟ್ಟ ಜಾಗದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಿಂದ 1948ರಲ್ಲಿ ನಿವೃತ್ತರಾದ ಮೇಲೆ, ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. ಅಲ್ಲಿಗೆ ವಿದ್ಯುತ್ ಬರುವ ಮುಂಚೆಯೇ ಕೆಲಸ ಶುರುವಾಗಿತ್ತು. ಬಿಸಿಲನ್ನೇ ಕನ್ನಡಿಯಿಂದ ಒಳಕ್ಕೆ ತಿರುಗಿಸಿಕೊಂಡು ದೃಗ್ವಿಜ್ಞಾನದ ಪ್ರಯೋಗ ಮಾಡುತ್ತಿದ್ದರು. ರಾಮನ್ ಅವರಿಗೆ ಹರಳುಗಳ ಹುಚ್ಚು. ವಜ್ರ, ಓಪಲ್, ಲ್ಯಾಬ್ರಡೊರೈಟ್, ಚಂದ್ರಕಾಂತ ಶಿಲೆ ಹೀಗೆ ಬಣ್ಣ ಚಿಮ್ಮುವ ಕಲ್ಲುಗಳನ್ನು ಕೂಡಿಸಿಟ್ಟಿದ್ದರು. ದುಬಾರಿ ಯಂತ್ರಗಳಿಲ್ಲದೆ, ಒಂದು ಒಳ್ಳೆಯ ಹರಳು, ಎರಡು ಪೋಲರೈಜರ್, ಒಂದು ದೀಪ ಇದ್ದರೆ ಹೊಸ ಸಂಗತಿ ಕಾಣಬಹುದು ಎಂಬ ನಂಬಿಕೆಯ ಮನೆ ಅದು.

ಆ ಮನೆಗೆ ಬಂದ ಹುಡುಗರಲ್ಲಿ ಶಿವರಾಮಕೃಷ್ಣ ಪಂಚರತ್ನಂ ಒಬ್ಬರು. ರಾಮನ್ ಅವರ ತಂಗಿಯ ಮಗ. 1934ರ ಫೆಬ್ರುವರಿ 9ರಂದು ಹುಟ್ಟಿದವರು. ಅಣ್ಣ ಎಸ್. ಚಂದ್ರಶೇಖರ್ ಅದಾಗಲೇ ಅದೇ ಸಂಸ್ಥೆಯಲ್ಲಿ ಕ್ವಾರ್ಟ್ಜ್‌ನಂಥ ಹರಳುಗಳು ಧ್ರುವೀಕರಣದ ದಿಕ್ಕನ್ನು ಹೇಗೆ ತಿರುಚುತ್ತವೆ ಎಂದು ಅಳೆಯುತ್ತಿದ್ದರು. ನೊಬೆಲ್ ಪಡೆದ ಖಗೋಳ ವಿಜ್ಞಾನಿ ಚಂದ್ರಶೇಖರ್ ಬೇರೆ, ಅವರೂ ರಾಮನ್ ಕುಟುಂಬದವರೇ ಆದರೂ. ಈ ಚಂದ್ರಶೇಖರ್ ಮುಂದೆ ದ್ರವಸ್ಫಟಿಕಗಳಿಂದ ಹೆಸರಾದವರು.

ಪಂಚರತ್ನಂ 1955ರಲ್ಲಿ, 21ರ ವಯಸ್ಸಿನಲ್ಲಿ, ಒಂದು ವ್ಯಾವಹಾರಿಕ ತೊಡಕನ್ನು ಬಿಡಿಸಿದರು. ಅಭ್ರಕದ ಹಾಳೆಯನ್ನು ಸೂಜಿಯಿಂದ ಎಬ್ಬಿಸಿ ಸುಮಾರು 0.03 ಮಿಲಿಮೀಟರ್ ದಪ್ಪಕ್ಕೆ ಸೀಳಿದರೆ ಸೋಡಿಯಂ ದೀಪದ ಹಳದಿ ಬೆಳಕಿಗೆ ಅದು ಕಾಲುತರಂಗ ಫಲಕವಾಗುತ್ತದೆ. ನೇರ ಧ್ರುವೀಕರಣವನ್ನು ವೃತ್ತೀಯವಾಗಿಸುತ್ತದೆ. ಆದರೆ ಹಳದಿಗೆ ಸರಿಹೋದದ್ದು ನೀಲಿಗೆ ಸರಿಹೋಗದು, ಕೆಂಪಿಗೂ ಸರಿಹೋಗದು. ಎರಡು ಬೇರೆ ಪದಾರ್ಥಗಳ ಹಾಳೆ ಜೋಡಿಸಿ ಒಂದರ ತಪ್ಪನ್ನು ಇನ್ನೊಂದರಿಂದ ಕಳೆಯುವುದು ಆಗ ಇದ್ದ ದಾರಿ. ಪಂಚರತ್ನಂ ಪದಾರ್ಥ ಬದಲಿಸಲಿಲ್ಲ. ಒಂದೇ ಪದಾರ್ಥದ ಮೂರು ಫಲಕಗಳನ್ನು ಒಂದರ ಹಿಂದೊಂದು ಇಟ್ಟು, ನಡುವಿನದನ್ನು ಲೆಕ್ಕ ಹಾಕಿದ ಕೋನಕ್ಕೆ ತಿರುಗಿಸಿದರು. ಒಂದು ಬಣ್ಣದಲ್ಲಿ ಮೊದಲ ಫಲಕ ಮಾಡಿದ ತಪ್ಪನ್ನು ಉಳಿದೆರಡು ತಿದ್ದುವ ಹಾಗೆ. ತೆರೆದ ಕಣ್ಣಿಗೆ ಕಾಣುವ ಬಣ್ಣಗಳ ಹರವಿನಲ್ಲೆಲ್ಲ ಆ ಜೋಡಣೆ ಕಾಲುತರಂಗ ಫಲಕದಂತೆಯೇ ನಡೆದುಕೊಂಡಿತು. ಪದಾರ್ಥದ ಗುಣದಿಂದಲ್ಲ, ತಿರುವಿನಿಂದ ಕೆಲಸ ಸಾಧಿಸುವ ಅವರ ಜಾಡು ಮೊದಲು ಕಂಡದ್ದು ಇಲ್ಲಿ. ನಕ್ಷತ್ರಗಳ ಬೆಳಕಿನ ಧ್ರುವೀಕರಣ ಅಳೆಯುವ ಖಗೋಳ ವಿಜ್ಞಾನಿಗಳು ಈ ಪಂಚರತ್ನಂ ಫಲಕಗಳನ್ನು ಹುಡುಕಿ ತೆಗೆದು ದೂರದರ್ಶಕಗಳಿಗೆ ಜೋಡಿಸಿಕೊಂಡರು.

ಅದೇ ಹೊತ್ತಿಗೆ ಅವರ ಕೈಯಲ್ಲಿ ಇನ್ನೊಂದು ಹರಳಿತ್ತು. ಅಯೊಲೈಟ್. ಒಂದು ಬದಿಯಿಂದ ನೋಡಿದರೆ ನೇರಳೆ ನೀಲಿ, ಇನ್ನೊಂದು ಬದಿಯಿಂದ ಮಾಸಲು ಹಳದಿ. ಬೆಳಕನ್ನು ಸೀಳುವುದಷ್ಟೇ ಅಲ್ಲ, ಸೀಳಿದ ಎರಡು ಪಾಲುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರಿಕೊಳ್ಳುವ ಹರಳು ಇದು. ಇಳಕಲ್ಲಿನ ಕಲ್ಲಿನಲ್ಲಿರುವ ಬಯೊಟೈಟ್ ಒಂದೇ ಪೋಲರೈಜರಿನ ಕೆಳಗೆ ತಿರುಗಿಸಿದಾಗ ಕಪ್ಪಾಗಿ, ತಿಳಿಯಾಗಿ ಬದಲಾಗುವುದೂ ಇದೇ ಗುಣದಿಂದ. ಸಾಮಾನ್ಯ ಹರಳಿನಲ್ಲಿ ಸೀಳಿಹೋದ ಎರಡು ಪಾಲುಗಳು ಒಂದಕ್ಕೊಂದು ಲಂಬವಾಗಿ ತೊನೆಯುತ್ತವೆ. ಲಂಬವಾಗಿರುವಷ್ಟು ಹೊತ್ತು ಅವು ಒಂದನ್ನೊಂದು ಹೆಚ್ಚಿಸುವುದೂ ಇಲ್ಲ, ಅಳಿಸುವುದೂ ಇಲ್ಲ. ಅಯೊಲೈಟಿನಲ್ಲಿ ಕೆಲವು ದಿಕ್ಕುಗಳ ಹತ್ತಿರ ಈ ಲಂಬ ಮುರಿದುಬೀಳುತ್ತದೆ. ಎರಡೂ ಪಾಲುಗಳ ಧ್ರುವೀಕರಣ ಹತ್ತಿರ ಹತ್ತಿರ ಬಂದು, ಒಂದು ವಿಶೇಷ ಅಕ್ಷದ ಮೇಲೆ ಒಂದೇ ಆಗಿಬಿಡುತ್ತದೆ, ಅದೂ ವೃತ್ತೀಯವಾಗಿ. ಹೀಗಾಗಿ ಅಡ್ಡ ಪೋಲರೈಜರುಗಳ ನೆರವಿಲ್ಲದೆಯೂ ಹರಳಿನಲ್ಲಿ ವ್ಯತಿಕರಣದ ಪಟ್ಟೆಗಳು ಕಾಣುತ್ತವೆ.

ಪಂಚರತ್ನಂ ಇದನ್ನು ವಿವರಿಸಲು ಹೊರಟಾಗ ಒಂದು ಪ್ರಶ್ನೆ ಅಡ್ಡ ಬಂತು. ಕೇಳಲು ಸರಳ. ಒಂದೇ ರೀತಿ ಧ್ರುವೀಕೃತವಾದ ಎರಡು ಅಲೆಗಳ ಏರು ಏರಿಗೆ, ಇಳಿತ ಇಳಿತಕ್ಕೆ ಕೂಡಿದರೆ ಅವು ಒಂದೇ ಪ್ರಾವಸ್ಥೆಯಲ್ಲಿವೆ ಎನ್ನುತ್ತೇವೆ. ಆದರೆ ಒಂದು ನೇರವಾಗಿ ತೊನೆಯುತ್ತಿದೆ, ಇನ್ನೊಂದು ಸುತ್ತುತ್ತಿದೆ ಎಂದಾದರೆ? ಅವೆರಡೂ ಒಂದೇ ಪ್ರಾವಸ್ಥೆಯಲ್ಲಿವೆ ಎನ್ನುವುದಕ್ಕೆ ಅರ್ಥವೇನು? ಅವರ ಉತ್ತರವೂ ಅಷ್ಟೇ ಸರಳ. ಎರಡನ್ನೂ ಕೂಡಿಸು, ಕೂಡಿದ ಬೆಳಕಿನ ತೀವ್ರತೆ ಸಾಧ್ಯವಿರುವಷ್ಟೂ ಹೆಚ್ಚಾಗಿದ್ದರೆ ಅವು ಒಂದೇ ಪ್ರಾವಸ್ಥೆಯಲ್ಲಿವೆ ಎನ್ನು. ಪ್ರಯೋಗದಲ್ಲಿ ಅಳೆದು ನೋಡಬಹುದಾದ ವ್ಯಾಖ್ಯೆ. ರಾಮನ್ ಶಾಲೆಯ ಹುಡುಗನಿಗೆ ಒಪ್ಪುವಂಥದ್ದು.

ಈ ವ್ಯಾಖ್ಯೆಯ ಒಳಗೇ ಒಂದು ಅಚ್ಚರಿ ಅಡಗಿತ್ತು. ಮೊದಲನೆಯ ಕಿರಣ ಎರಡನೆಯದರ ಜೊತೆ ಒಂದೇ ಪ್ರಾವಸ್ಥೆಯಲ್ಲಿದೆ, ಎರಡನೆಯದು ಮೂರನೆಯದರ ಜೊತೆ. ಹಾಗಾದರೆ ಮೂರನೆಯದು ಮೊದಲನೆಯದರ ಜೊತೆ ಇರಲೇಬೇಕಲ್ಲ? ಇರಬೇಕಾಗಿಲ್ಲ ಎಂದು ಪಂಚರತ್ನಂ ತೋರಿಸಿದರು. ಎಷ್ಟು ವ್ಯತ್ಯಾಸ ಬರುತ್ತದೆ ಎಂಬುದನ್ನೂ ಲೆಕ್ಕ ಹಾಕಿಕೊಟ್ಟರು.

ಆ ಲೆಕ್ಕಕ್ಕೆ ಅವರು ಬಳಸಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರೆಂಚ್ ಗಣಿತಜ್ಞ ಪ್ವಾಂಕರೆ ಕಲ್ಪಿಸಿದ ಗೋಳ. ಧ್ರುವೀಕರಣದ ಪ್ರತಿಯೊಂದು ಬಗೆಗೂ ಗೋಳದ ಮೇಲೆ ಒಂದು ಬಿಂದು. ಉತ್ತರ ಧ್ರುವದಲ್ಲಿ ಒಂದು ದಿಕ್ಕಿಗೆ ಸುತ್ತುವ ಬೆಳಕು, ದಕ್ಷಿಣ ಧ್ರುವದಲ್ಲಿ ವಿರುದ್ಧ ದಿಕ್ಕಿಗೆ ಸುತ್ತುವುದು, ಭೂಮಧ್ಯರೇಖೆಯ ಉದ್ದಕ್ಕೂ ನಾನಾ ಕೋನಗಳ ನೇರ ಧ್ರುವೀಕರಣ, ನಡುನಡುವೆ ದೀರ್ಘವೃತ್ತದವು. ಇಂಥ ಗೋಳದ ಮೇಲೆ ಮೂರು ಬಿಂದುಗಳನ್ನು ಹತ್ತಿರದ ದಾರಿಯಿಂದ ಸೇರಿಸಿದರೆ ಬಾಗಿದ ತ್ರಿಕೋನವಾಗುತ್ತದೆ. ಮೂರು ಕಿರಣಗಳ ಸುತ್ತ ಒಂದು ಸಲ ಸುತ್ತಿ ಬಂದಾಗ ಉಳಿಯುವ ಪ್ರಾವಸ್ಥೆಯ ವ್ಯತ್ಯಾಸ, ಆ ತ್ರಿಕೋನ ಗೋಳದ ನಡುವಿನಲ್ಲಿ ಹಿಡಿಯುವ ಘನಕೋನದ ಸರಿಯಾಗಿ ಅರ್ಧ.

ಭೂಗೋಳದ ಮೇಲೆ ಇದನ್ನು ನಡೆದು ನೋಡಬಹುದು. ಉತ್ತರ ಧ್ರುವದಲ್ಲಿ ಕೈಯಲ್ಲೊಂದು ಕೋಲನ್ನು ನೆಲಕ್ಕೆ ಸಮನಾಗಿ, ಬಾದಾಮಿಯ ರೇಖಾಂಶಕ್ಕೆ ಮುಖ ಮಾಡಿ ಹಿಡಿದು ಹೊರಡಿ. ಬಾದಾಮಿಯನ್ನು ದಾಟಿ ಭೂಮಧ್ಯರೇಖೆಗೆ ಇಳಿಯಿರಿ. ಕೋಲನ್ನು ಎಲ್ಲಿಯೂ ತಿರುಗಿಸಕೂಡದು. ಅಲ್ಲಿಂದ ರೇಖೆಯಗುಂಟ ಪೂರ್ವಕ್ಕೆ ಭೂಮಿಯ ಕಾಲು ಸುತ್ತು. ಆಮೇಲೆ ನೇರ ಉತ್ತರಕ್ಕೆ, ಮತ್ತೆ ಧ್ರುವಕ್ಕೆ. ಎಲ್ಲೂ ತಿರುಗಿಸದ ಕೋಲು ಹೊರಟಾಗಿನ ದಿಕ್ಕಿಗೆ 90 ಡಿಗ್ರಿ ವಾಲಿರುತ್ತದೆ. ಕೋಲಿನ ತಪ್ಪಲ್ಲ, ಕೈಯ ತಪ್ಪಲ್ಲ. ನಡೆದ ನೆಲ ಬಾಗಿದ್ದು ಕಾರಣ. ಪ್ವಾಂಕರೆ ಗೋಳದ ಮೇಲೆ ಇದೇ ತ್ರಿಕೋನವನ್ನು ಸುತ್ತಿದ ಬೆಳಕು 45 ಡಿಗ್ರಿ ಪ್ರಾವಸ್ಥೆಯ ವ್ಯತ್ಯಾಸದೊಂದಿಗೆ ಮರಳುತ್ತದೆ. ಅದು ಎಷ್ಟು ದೂರ ಹೋಯಿತು, ಎಷ್ಟು ದಪ್ಪದ ಗಾಜನ್ನು ಹಾಯ್ದಿತು ಎಂಬುದಕ್ಕೂ ಈ 45 ಡಿಗ್ರಿಗೂ ಸಂಬಂಧವಿಲ್ಲ. ಗೋಳದ ಮೇಲೆ ಯಾವ ದಾರಿ ಹಿಡಿಯಿತು ಎಂಬುದಷ್ಟೇ ಮುಖ್ಯ.

ಪ್ರಬಂಧ 1956ರಲ್ಲಿ ಅಕಾಡೆಮಿಯ ಪ್ರೊಸೀಡಿಂಗ್ಸ್‌ನಲ್ಲಿ ಅಚ್ಚಾಯಿತು. ಭಾರತದ ಕೆಲಸ ಭಾರತದ ಪತ್ರಿಕೆಯಲ್ಲೇ ಬರಬೇಕು ಎಂಬುದು ರಾಮನ್ ಅವರ ಹಠವಾಗಿತ್ತು. ಪಂಚರತ್ನಂ 25ನೇ ವಯಸ್ಸಿಗೆ ಅಕಾಡೆಮಿಯ ಫೆಲೋ ಆದರು. 1961ರಲ್ಲಿ ಅಣ್ಣ ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಭೌತವಿಜ್ಞಾನ ವಿಭಾಗ ಕಟ್ಟಲು ಹೋದಾಗ ತಮ್ಮನೂ ಅಲ್ಲಿ ರೀಡರ್ ಆಗಿ ಸೇರಿದರು. 1964ರಲ್ಲಿ ಆಕ್ಸ್‌ಫರ್ಡಿಗೆ, ಸೇಂಟ್ ಕ್ಯಾಥರೀನ್ಸ್ ಕಾಲೇಜಿಗೆ. ಅಲ್ಲಿ ಜಾರ್ಜ್ ಸೀರೀಸ್ ಅವರ ಜೊತೆ ಪರಮಾಣುಗಳು ಧ್ರುವೀಕೃತ ಬೆಳಕಿನೊಂದಿಗೆ ಹೇಗೆ ವ್ಯವಹರಿಸುತ್ತವೆ ಎಂಬ ಹೊಸ ಕೆಲಸ ಹಿಡಿದಿದ್ದರು. 1969ರ ಮೇ ತಿಂಗಳಲ್ಲಿ ತೀರಿಕೊಂಡರು. ವಯಸ್ಸು 35. ಸೀರೀಸ್ ಅವರ ಸಂಪಾದಕತ್ವದಲ್ಲಿ ಪಂಚರತ್ನಂ ಅವರ ಸಮಗ್ರ ಬರಹಗಳನ್ನು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 1975ರಲ್ಲಿ ಹೊರತಂದಿತು. ಅಷ್ಟು ಚಿಕ್ಕ ಬದುಕಿನವರಿಗೆ ಅಂಥ ಗೌರವ ಸಿಗುವುದು ತೀರ ವಿರಳ.

ಆಮೇಲೂ 1956ರ ಪ್ರಬಂಧ ಹಾಗೇ ಕುಳಿತಿತ್ತು. ನಮ್ಮ ಪತ್ರಿಕೆಯಲ್ಲಿ ಬಂದದ್ದರಿಂದ ಹೊರಗಿನವರಿಗೆ ಕಾಣಲಿಲ್ಲ ಎಂದು ಹಲವರು ಹೇಳುತ್ತಾರೆ. ನನಗೆ ಅದು ಪೂರ್ತಿ ನಿಜ ಎನಿಸುವುದಿಲ್ಲ. ಅದೇ ಪತ್ರಿಕೆಯಲ್ಲಿ ಅದಕ್ಕೂ ಒಂದು ವರ್ಷ ಮೊದಲು ಬಂದ ಮೂರು ಫಲಕಗಳ ಜೋಡಣೆ ಹೊರಗಿನವರಿಗೆ ಕಂಡಿತ್ತಲ್ಲ. ಅದು ಬೇಕಾಗಿತ್ತು, ಹುಡುಕಿಕೊಂಡರು. ಸುತ್ತಿ ಬಂದ ಬೆಳಕಿನ ಪ್ರಾವಸ್ಥೆ ಯಾಕೆ ಮುಖ್ಯ ಎಂದು ಕೇಳುವವರು ಮಾತ್ರ ಆಗಿನ್ನೂ ಇರಲಿಲ್ಲ. ಆ ಪ್ರಶ್ನೆ ಕೇಳಿದವರು ಬ್ರಿಸ್ಟಲ್‌ನ ಮೈಕೆಲ್ ಬೆರಿ, 1984ರಲ್ಲಿ, ಅದೂ ಕ್ವಾಂಟಂ ವಿಜ್ಞಾನದಲ್ಲಿ. ಒಂದು ಕ್ವಾಂಟಂ ವ್ಯವಸ್ಥೆಯ ಸುತ್ತಲಿನ ಸ್ಥಿತಿಯನ್ನು ಮೆಲ್ಲಗೆ ಬದಲಿಸುತ್ತಾ ಮತ್ತೆ ಮೊದಲಿನ ಸ್ಥಿತಿಗೇ ತಂದರೂ ಅದರ ಪ್ರಾವಸ್ಥೆಯಲ್ಲಿ ಒಂದು ಜ್ಯಾಮಿತೀಯ ಶೇಷ ಉಳಿಯುತ್ತದೆ ಎಂದು ಅವರು ತೋರಿಸಿದರು. ಭೌತವಿಜ್ಞಾನದ ಜಗತ್ತು ಎದ್ದು ಕುಳಿತಿತು.

ಬೆಂಗಳೂರಿನಲ್ಲಿ ಎಸ್. ರಾಮಶೇಷನ್ ಅವರಿಗೆ ಇದನ್ನು ಎಲ್ಲೋ ಓದಿದ್ದೇನೆ ಎನಿಸಿದ್ದರೆ ಆಶ್ಚರ್ಯವಿಲ್ಲ. ರಾಮನ್ ಅವರ ಇನ್ನೊಬ್ಬ ಸೋದರಳಿಯ ಅವರು, ಜಿ.ಎನ್. ರಾಮಚಂದ್ರನ್ ಜೊತೆಗೂಡಿ ಹರಳು ದೃಗ್ವಿಜ್ಞಾನದ ಬಗ್ಗೆ ಬರೆದ ದೀರ್ಘ ಪ್ರಬಂಧ 1961ರಲ್ಲಿ ಜರ್ಮನಿಯ ಪ್ರಸಿದ್ಧ ಭೌತವಿಜ್ಞಾನ ಕೋಶದಲ್ಲಿ ಬಂದಿತ್ತು. ರಾಮನ್ ಸಂಶೋಧನಾ ಸಂಸ್ಥೆಯ ರಾಜಾರಾಂ ನಿತ್ಯಾನಂದ ಅವರೊಂದಿಗೆ 1986ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬರೆದು, ಬೆರಿ ಹೇಳಿದ್ದರ ಒಂದು ರೂಪ 30 ವರ್ಷ ಮೊದಲೇ ಧ್ರುವೀಕೃತ ಬೆಳಕಿನಲ್ಲಿ ಸಿಕ್ಕಿತ್ತು ಎಂದು ತೋರಿಸಿದರು. ಬೆರಿ ಅದನ್ನು ಮನಸಾರೆ ಒಪ್ಪಿದರು. 1987ರಲ್ಲಿ ಪಂಚರತ್ನಂ ಅವರ ಫಲಿತಾಂಶವನ್ನು ತಮ್ಮ ಭಾಷೆಗೆ ತಿರುಗಿಸಿ ಪ್ರಬಂಧ ಬರೆದರು. 1994ರ ಇನ್ನೊಂದು ಲೇಖನದ ತಲೆಬರಹದಲ್ಲೇ ಅವರನ್ನು ಪ್ವಾಂಕರೆ ಗೋಳದ ಮಹಾನಿಪುಣ ಎಂದು ಕರೆದರು. ಇನ್ನೊಬ್ಬರು ಮೊದಲೇ ಕಂಡಿದ್ದರು ಎಂದು ತಿಳಿದಾಗ ಹೀಗೆ ಎದ್ದುನಿಂತು ಕೈಮುಗಿಯುವುದು ವಿಜ್ಞಾನದಲ್ಲೂ ದೊಡ್ಡ ಮನಸ್ಸಿನವರಿಗಷ್ಟೇ ಸಾಧ್ಯ.

1988ರಲ್ಲಿ ರಾಮನ್ ಸಂಸ್ಥೆಯ ರಾಜೇಂದ್ರ ಭಂಡಾರಿ ಮತ್ತು ಜೋಸೆಫ್ ಸ್ಯಾಮ್ಯುಯೆಲ್ ಲೇಸರ್ ವ್ಯತಿಕರಣಮಾಪಕದಲ್ಲಿ ಈ ಪ್ರಾವಸ್ಥೆಯನ್ನು ನೇರವಾಗಿ ಅಳೆದರು. ಅದಾದ ಒಂದೆರಡು ವರ್ಷಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಮುಕುಂದ ಮತ್ತು ಮದರಾಸಿನ ಆರ್. ಸೈಮನ್ ಇನ್ನೊಂದು ಮಾತನ್ನು ಗಣಿತದಿಂದ ಖಚಿತಪಡಿಸಿದರು. ಎರಡು ಕಾಲುತರಂಗ ಫಲಕ, ಒಂದು ಅರ್ಧತರಂಗ ಫಲಕ, ಒಟ್ಟು ಮೂರೇ ಮೂರು. ತಿರುಗಿಸುವುದೊಂದನ್ನು ಬಿಟ್ಟು ಬೇರೇನೂ ಮಾಡದೆ ಯಾವ ಧ್ರುವೀಕರಣವನ್ನಾದರೂ ಬೇಕಾದ ಧ್ರುವೀಕರಣಕ್ಕೆ ಒಯ್ಯಬಹುದು. ಇಂದು ಆಪ್ಟಿಕಲ್ ಫೈಬರ್ ಪ್ರಯೋಗಾಲಯಗಳ ಮೇಜಿನ ಮೇಲೆ ಎಳೆಯನ್ನು ಸುರುಳಿ ಸುತ್ತಿಟ್ಟ, ಕೈಯಿಂದ ವಾಲಿಸುವ ಮೂರು ಪುಟ್ಟ ಹಲಗೆಗಳು ಕಾಣುತ್ತವೆ. ಅವು ಮಾಡುವುದೂ ಈ ಮೂರು ಫಲಕಗಳ ಕೆಲಸವನ್ನೇ.

ಅಣ್ಣನ ದಾರಿ ಇನ್ನೊಂದು ಕಡೆಯಿಂದ ಅದೇ ಊರು ಸೇರಿತು. ಚಂದ್ರಶೇಖರ್ 1971ರಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಮರಳಿ ರಾಮನ್ ಸಂಸ್ಥೆಯಲ್ಲಿ ದ್ರವಸ್ಫಟಿಕ ಪ್ರಯೋಗಾಲಯ ಕಟ್ಟಿದರು. ಅದೇ ವರ್ಷ ಯುರೋಪಿನಲ್ಲಿ ಶಾಟ್ ಮತ್ತು ಹೆಲ್‌ಫ್ರಿಶ್ ಪ್ರಕಟಿಸಿದ ತಿರುಚು ದ್ರವಸ್ಫಟಿಕ ಕೋಶ ಮುಂದೆ ನಮ್ಮ ಕ್ಯಾಲ್ಕುಲೇಟರ್, ಕೈಗಡಿಯಾರ, ಲ್ಯಾಪ್‌ಟಾಪ್ ಪರದೆಗಳ ಜೀವಾಳವಾಯಿತು. ಅದರಲ್ಲಿ ಎರಡು ಪೋಲರೈಜರ್ ಹಾಳೆಗಳ ನಡುವೆ ಕಡ್ಡಿಯಾಕಾರದ ಅಣುಗಳು ಕಾಲು ಸುತ್ತು ತಿರುಚಿಕೊಂಡು ನಿಂತಿರುತ್ತವೆ. ತುಸು ವಿದ್ಯುತ್ ಕೊಟ್ಟರೆ ತಿರುಚು ಬಿಚ್ಚುತ್ತದೆ, ಬೆಳಕು ಕತ್ತಲಾಗುತ್ತದೆ. ಅಣು ಕಡ್ಡಿಯಂತಿದ್ದರೆ ಮಾತ್ರ ದ್ರವಸ್ಫಟಿಕವಾಗುತ್ತದೆ ಎಂಬ ತಿಳಿವಳಿಕೆಯೇ ಆಗ ರೂಢಿಯಲ್ಲಿತ್ತು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಬಿಲ್ಲೆಯಾಕಾರದ ಅಣುಗಳೂ ಕಂಬದಂತೆ ಒಂದರ ಮೇಲೊಂದು ಕೂತು ದ್ರವಸ್ಫಟಿಕವಾಗುತ್ತವೆ ಎಂದು ತೋರಿಸಿ, 'ಪ್ರಮಾಣ' ಪತ್ರಿಕೆಯಲ್ಲಿ ಪ್ರಕಟಿಸಿದರು. ಹಳೆಯ ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದರೆ ಬಣ್ಣ ಕೆಡುತ್ತಿತ್ತು, ನೆನಪಿದೆಯೇ? 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಬಿಲ್ಲೆಯಾಕಾರದ ಅಣುಗಳನ್ನು ಹಂತ ಹಂತವಾಗಿ ವಾಲಿಸಿ ಗಟ್ಟಿಗೊಳಿಸಿದ, ಕೆಲವೇ ಮೈಕ್ರಾನ್ ದಪ್ಪದ ಪೊರೆಯನ್ನು ಪರದೆಗೆ ಅಂಟಿಸಿ ಆ ದೋಷವನ್ನು ಕಡಿಮೆ ಮಾಡಿತು. ಧ್ರುವೀಕರಣವನ್ನು ತಿದ್ದುವ ಒಂದು ಕಿರು ಉಪಕರಣ, ಬೆಂಗಳೂರಿನಲ್ಲಿ ಮೊದಲು ಕಂಡ ಅಣುಜಾತಿಯದು, ಜಗತ್ತಿನ ಕೋಟ್ಯಂತರ ಮೇಜುಗಳ ಮೇಲೆ ಕುಳಿತಿತು.

ಈಗ ಮಸೂರಕ್ಕೆ ಬರೋಣ. ವೃತ್ತೀಯ ಬೆಳಕನ್ನು ಅರ್ಧತರಂಗ ಫಲಕದ ಮೂಲಕ ಹಾಯಿಸಿದರೆ ಅದರ ಸುತ್ತುವ ದಿಕ್ಕು ತಲೆಕೆಳಗಾಗುತ್ತದೆ. ಪ್ವಾಂಕರೆ ಗೋಳದ ಮೇಲೆ ಉತ್ತರ ಧ್ರುವದಿಂದ ದಕ್ಷಿಣ ಧ್ರುವಕ್ಕೆ ಒಂದು ಪಯಣ. ಯಾವ ರೇಖಾಂಶದಗುಂಟ ಇಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ಫಲಕ ನಿಂತ ಕೋನ. ಎರಡು ಫಲಕಗಳ ಕೋನ ಬೇರೆಯಾದರೆ ಎರಡು ರೇಖಾಂಶಗಳ ನಡುವೆ ಕಿತ್ತಳೆ ತೊಳೆಯ ಆಕಾರದ ಜಾಗ ಉಳಿಯುತ್ತದೆ. ಪಂಚರತ್ನಂ ನಿಯಮದಂತೆ ಅದರ ಘನಕೋನದ ಅರ್ಧ ಹಿಡಿದರೆ ಉತ್ತರ ಸಿಗುತ್ತದೆ. ಫಲಕವನ್ನು 10 ಡಿಗ್ರಿ ತಿರುಗಿಸಿದರೆ ಪ್ರಾವಸ್ಥೆ 20 ಡಿಗ್ರಿ ಸರಿಯುತ್ತದೆ. 180 ತಿರುಗಿಸಿದರೆ ಪೂರ್ತಿ ಒಂದು ಅಲೆ. ಗಾಜಿನ ಮಸೂರ ನಡುವೆ ದಪ್ಪ, ಅಂಚಿನಲ್ಲಿ ತೆಳು ಇರುವುದು ಬೆಳಕಿನ ಪ್ರಾವಸ್ಥೆಯನ್ನು ಜಾಗದಿಂದ ಜಾಗಕ್ಕೆ ಬದಲಿಸಲೆಂದೇ. ಅದನ್ನು ತಿರುವಿನಿಂದಲೇ ಸಾಧಿಸಬಹುದಾದರೆ ದಪ್ಪದ ಹಂಗು ಯಾಕೆ?

ಇಸ್ರೇಲಿನ ಟೆಕ್ನಿಯನ್ ಸಂಸ್ಥೆಯ ಎರೆಜ್ ಹಾಸ್ಮನ್ ತಂಡ 2002ರಲ್ಲಿ ಅಲೆಯುದ್ದಕ್ಕಿಂತ ಕಿರಿದಾದ ಗೆರೆಗಳನ್ನು ಕೊರೆದು, ಗೆರೆಗಳ ದಿಕ್ಕನ್ನು ಜಾಗದಿಂದ ಜಾಗಕ್ಕೆ ತಿರುಗಿಸಿ ಇದನ್ನು ಮಾಡಿ ತೋರಿಸಿತು. ಅವುಗಳನ್ನು ಪಂಚರತ್ನಂ–ಬೆರಿ ಫೇಸ್ ಉಪಕರಣಗಳು ಎಂದೇ ಕರೆಯಿತು. ಅಲ್ಲಿಂದ ಈ ಜೋಡಿಹೆಸರು ನಿಂತಿತು. 2016ರಲ್ಲಿ ಹಾರ್ವರ್ಡ್‌ನ ಫೆಡೆರಿಕೊ ಕಪಾಸೊ ಅವರ ತಂಡ ಟೈಟಾನಿಯಂ ಡಯಾಕ್ಸೈಡಿನ ಕಿರುಗೋಡೆಗಳನ್ನು ಗಾಜಿನ ಮೇಲೆ ನಿಲ್ಲಿಸಿ ಕಣ್ಣಿಗೆ ಕಾಣುವ ಬೆಳಕಿಗೇ ಚಪ್ಪಟೆ ಮಸೂರ ಮಾಡಿತು. ಗೋಡೆಯ ಎತ್ತರ 600 ನ್ಯಾನೋಮೀಟರ್, ಕಲ್ಲಿನ ತೆಳು ಬಿಲ್ಲೆಯ ಐವತ್ತನೇ ಒಂದು ಪಾಲು. ಒಂದು ಮಸೂರದ ಎಲ್ಲ ಗೋಡೆಗಳೂ ಒಂದೇ ಅಳತೆಯವು, ಎಲ್ಲವೂ ಅರ್ಧತರಂಗ ಫಲಕಗಳು. ನಡುವಿನಿಂದ ಅಂಚಿಗೆ ಹೋಗುತ್ತಾ ಬದಲಾಗುವುದು ಅವು ತಿರುಗಿ ನಿಂತ ಕೋನ ಮಾತ್ರ. ದ್ರವಸ್ಫಟಿಕದ ಪೊರೆಯಲ್ಲೂ ಇದೇ ಕೆಲಸ ಮಾಡಿಸಬಹುದು. ವಿಆರ್ ಕನ್ನಡಕಗಳನ್ನು ಹಗುರ ಮಾಡಲು ನಡೆದಿರುವ ಪ್ರಯತ್ನಗಳಲ್ಲಿ ಪಂಚರತ್ನಂ–ಬೆರಿ ಮಸೂರ ಎಂಬುದು ಈಗ ರೂಢಿಯ ಮಾತು. ಅಣ್ಣನ ಪದಾರ್ಥ, ತಮ್ಮನ ನಿಯಮ ಎರಡೂ ಅಲ್ಲಿ ಒಂದೇ ಹಾಳೆಯಲ್ಲಿವೆ.

ಪಂಚರತ್ನಂ ಬರೆದ ಆ ಪ್ರಬಂಧ ಪ್ರೊಸೀಡಿಂಗ್ಸ್‌ನ ಎ ವಿಭಾಗದ 44ನೇ ಸಂಪುಟದಲ್ಲಿ, 247ನೇ ಪುಟದಿಂದ 262ರವರೆಗೆ ಇದೆ. ಅಕಾಡೆಮಿ ತನ್ನ ಹಳೆಯ ಸಂಪುಟಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು. ಬಾಗಲಕೋಟೆಯಲ್ಲೋ ಇಳಕಲ್ಲಿನಲ್ಲೋ ಬಿಎಸ್ಸಿ ಓದುತ್ತಿರುವ ಹುಡುಗ ಹುಡುಗಿಯರಿಗೆ ಅದು ನಿಲುಕದ್ದಲ್ಲ. ಕ್ವಾಂಟಂ ವಿಜ್ಞಾನ ಅದರಲ್ಲಿ ಇಲ್ಲ. ಗೋಳದ ಮೇಲಿನ ತ್ರಿಕೋನಮಿತಿ ಗೊತ್ತಿರಬೇಕು, ಅಲೆಗಳನ್ನು ಕೂಡಿಸಲು ಬರಬೇಕು. ಜೊತೆಗೆ ಕಾಲೇಜಿನ ಭೂವಿಜ್ಞಾನ ವಿಭಾಗದಿಂದ ಧ್ರುವೀಕರಣ ಸೂಕ್ಷ್ಮದರ್ಶಕವನ್ನು ಒಂದು ಮಧ್ಯಾಹ್ನಕ್ಕೆ ಎರವಲು ಪಡೆದು, ಬಯೊಟೈಟ್ ಇರುವ ಯಾವುದಾದರೂ ಬಿಲ್ಲೆಯನ್ನು ಒಂದೇ ಪೋಲರೈಜರಿನ ಮೇಲಿಟ್ಟು ತಿರುಗಿಸಿ ನೋಡಿದರೆ, ಬೆಳಕು ಹೀರುವ ಹರಳುಗಳು ಪಂಚರತ್ನಂ ಅವರನ್ನು ಯಾಕೆ ಅಷ್ಟು ಹಿಡಿದಿಟ್ಟವು ಎಂಬುದು ಮೊದಲ ಪುಟ ತೆರೆಯುವ ಮುಂಚೆಯೇ ತಿಳಿದಿರುತ್ತದೆ.